ಕಾವಲೋ, ಕಾಳಜಿಯೋ?

ಧರ್ಮಕೇಂದ್ರದ ಹಬ್ಬದ ದಿನ. ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಹಿರಿಯರೊಬ್ಬರು ಎರಡು ಲಾಡು ತಿಂದು ಗೆಳೆಯರೊಡನೆ ಹರಟುತ್ತಿದ್ದರು. ಅರ್ಧ ಗಂಟೆ ಕಳೆದಿರಬೇಕು, ಜೇಬಿನ ಫೋನು ಕೂಗಿತು. ದುಬೈಯಿಂದ ಮಗ. “ಅಪ್ಪಾ, ಈಗೇನು ತಿಂದಿರಿ? ಶುಗರ್ 240 ತೋರಿಸ್ತಿದೆ!” ಸುತ್ತಲಿದ್ದವರು ನಕ್ಕರು. ಹಿರಿಯರೂ ನಕ್ಕರು, ಆದರೆ ಮುಖ ಬಾಡಿತ್ತು. ಮನೆಗೆ ಹೋದವರೇ ತೋಳಿನ ಮೇಲಿದ್ದ ಸಾಧನವನ್ನು ಕಿತ್ತಿಟ್ಟರು.

ಅದೊಂದು ಬಿಲ್ಲೆಯಂಥ ಚಿಕ್ಕ ಸಾಧನ. ಚರ್ಮದಡಿಯ ದ್ರವದಲ್ಲಿರುವ ಸಕ್ಕರೆಯನ್ನು ಕೆಲವು ನಿಮಿಷಗಳಿಗೊಮ್ಮೆ ಅಳೆದು ಫೋನಿಗೆ ತಿಳಿಸುತ್ತದೆ. ರೋಗಿ ಒಪ್ಪಿದರೆ ದೂರದ ಮಕ್ಕಳ ಫೋನಿಗೂ ತಿಳಿಸುತ್ತದೆ. ನಡುರಾತ್ರಿ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಎಚ್ಚರಿಸಿ ಪ್ರಾಣ ಉಳಿಸಬಲ್ಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು 2023ರಲ್ಲಿ ಹೇಳಿದಂತೆ, ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ಇಂಥ ಸಾಧನ ವರವೇ ಸರಿ. ಹಾಗಾದರೆ ಆ ತಂದೆ ಅದನ್ನೇಕೆ ಕಿತ್ತರು?

ತಮ್ಮನೆಲ್ಲಿ ಎಂದು ದೇವರು ಕೇಳಿದಾಗ, ಅವನನ್ನು ಕಾಯುವುದು ತನ್ನ ಕೆಲಸವೇ ಎಂದು ಕಾಯಿನನು ಜಾರಿಕೊಂಡ. ನಾವು ಕಾಯಿನರಾಗಬಾರದು. ಒಬ್ಬರನ್ನೊಬ್ಬರು ಕಾಯಲೇಬೇಕು. ಆದರೆ ಸೆರೆಮನೆಯ ಪಹರೆಯವನೂ ಕಾಯುತ್ತಾನೆ, ಕುರಿಗಾಹಿಯೂ ಕಾಯುತ್ತಾನೆ. ಪಹರೆಯವನ ಕಣ್ಣು ತಪ್ಪಿನ ಮೇಲೆ. ಕುರಿಗಾಹಿಯ ಕಣ್ಣು ಕುರಿಯ ಮೇಲೆ. ನಮ್ಮದು ಯಾವ ಕಾವಲು?

ಯೆರಿಕೋವಿನ ಹಾದಿಯಲ್ಲಿ ಕುಳಿತಿದ್ದ ಬಾರ್ತಿಮಾಯ ಕುರುಡನೆಂಬುದು ಎಲ್ಲರಿಗೂ ಕಾಣುತ್ತಿತ್ತು. ಆದರೂ ಪ್ರಭು ಯೇಸು, ನಿನಗೇನು ಬೇಕೆಂದು ಮೊದಲು ಅವನನ್ನೇ ಕೇಳಿದರು. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಮಾಳಿಗೆ ಬಿಚ್ಚಿ ಪ್ರಭುವಿನ ಮುಂದೆ ಇಳಿಸಿದರು. ಅವರಿಲ್ಲದೆ ಅವನು ಅಲ್ಲಿಗೆ ಬರುತ್ತಿರಲಿಲ್ಲ. ಆದರೆ ಹಿಂದಿರುಗುವಾಗ ತನ್ನ ಹಾಸಿಗೆಯನ್ನು ತಾನೇ ಹೊತ್ತು, ತನ್ನ ಕಾಲ ಮೇಲೆ ನಡೆದ. ನೆರವಿನ ಗುರಿ ಇದೇ: ಹೊರುವುದು ನಡೆಸುವುದಕ್ಕಾಗಿ, ಆಳುವುದಕ್ಕಾಗಿ ಅಲ್ಲ.

ನಮ್ಮ ಕಿರು ಕ್ರೈಸ್ತ ಸಮುದಾಯಗಳು ಈ ನಾಲ್ವರಂತೆ ಆಗಬಹುದು. ಬೆಳಗಿನ ನಡಿಗೆಗೆ ವಾಟ್ಸ್‌ಆ್ಯಪ್‌ನಲ್ಲಿ ಕರೆದು ಜೊತೆಗೂಡಬಹುದು. ಆದರೆ ಒಬ್ಬರ ಶುಗರ್ ಅಂಕಿಯನ್ನು ಅವರನ್ನು ಕೇಳದೆ ಗುಂಪಿನಲ್ಲಿ ಹಾಕಬಾರದು. ಪರರ ಕಾಯಿಲೆ ನಮ್ಮ ಸುದ್ದಿಯಲ್ಲ. ತೋಳಿನ ಸಾಧನ ಸಾಮಾನ್ಯವಾಗಿ ಸುಮಾರು ಎರಡು ವಾರ ಬಾಳುತ್ತದೆ, ಬೆಲೆಯೂ ದುಬಾರಿ, ಎಲ್ಲರ ಕೈಗೆಟುಕದು. ಒಂಟಿ ಅಜ್ಜಿಯ ಮನೆಗೆ ಹೋಗಿ, ಬೆರಳಿನ ಒಂದು ತೊಟ್ಟು ರಕ್ತದಲ್ಲಿ ಪರೀಕ್ಷಿಸಿ, ಅಂಕಿ ಓದಿ ಹೇಳುವ ಪಕ್ಕದ ಮನೆಯ ಹುಡುಗಿಯೂ ದೊಡ್ಡ ಸೇವೆ ಮಾಡುತ್ತಾಳೆ. ಹಬ್ಬದ ಮೇಜಿನ ಮೇಲೆ ಲಾಡುವಿನ ಪಕ್ಕದಲ್ಲಿ ಕಡಲೆ ಉಸಲಿ, ಮಜ್ಜಿಗೆಯನ್ನೂ ಇಟ್ಟರೆ ಯಾರೂ ಬೇರೆಯಾಗಿ ನಿಲ್ಲಬೇಕಿಲ್ಲ.

ಧರ್ಮಸಭೆ ಈ ವಿಷಯದಲ್ಲಿ ನಿಜವಾದ ತಾಯಿ. ಪರಮಪ್ರಸಾದಕ್ಕೆ ಮುನ್ನ ಒಂದು ಗಂಟೆಯ ಉಪವಾಸವಿದ್ದರೂ, ವೃದ್ಧರು, ರೋಗಿಗಳು ಮತ್ತು ಅವರ ಆರೈಕೆ ಮಾಡುವವರು ಆ ಅವಧಿಯಲ್ಲಿ ಏನಾದರೂ ತಿಂದಿದ್ದರೂ ಪ್ರಸಾದ ಸ್ವೀಕರಿಸಬಹುದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ. ಇನ್ಸುಲಿನ್ ಚುಚ್ಚಿಸಿಕೊಂಡು ಖಾಲಿ ಹೊಟ್ಟೆಯಲ್ಲಿ ಪೂಜೆಗೆ ಬಂದು, ಬೆವರಿ ಕುಸಿಯುವುದು ಭಕ್ತಿಯಲ್ಲ. ದೇಹವೂ ದೇವರ ಕೊಡುಗೆಯೇ. ಕಾಯಿಲೆಯವರ ಮೇಲೆ ತಾಯಿ ಹೊರೆ ಹೊರಿಸಲಿಲ್ಲ. ಅವರಿಗೆ ಜಾಗ ಬಿಟ್ಟುಕೊಟ್ಟಳು.

ಆ ಮಗನ ಪ್ರೀತಿ ಸುಳ್ಳಲ್ಲ. ಸಾವಿರಾರು ಮೈಲಿ ದೂರದಲ್ಲಿ ಕುಳಿತವನಿಗೆ ಅಪ್ಪನ ಬಗ್ಗೆ ಸಿಗುತ್ತಿದ್ದುದು ಆ ಅಂಕಿಯೊಂದೇ. ಕೆಲವು ದಿನಗಳ ನಂತರ ಅವನು ಮತ್ತೆ ಫೋನ್ ಮಾಡಿದ. “ಅಪ್ಪಾ, ಹಬ್ಬ ಹೇಗಾಯ್ತು? ಯಾರ್ಯಾರು ಬಂದಿದ್ರು?” ಎಂದ. ಬಹಳ ಹೊತ್ತು ಮಾತಾಡಿದರು. ಕೊನೆಗೆ ತಂದೆಯೇ ಹೇಳಿದರು: “ಆ ಬಿಲ್ಲೆ ಹೊಸದೊಂದು ಕಳಿಸು. ಆದರೆ ಜನರ ಮುಂದೆ ಬೈಬೇಡಪ್ಪ.”

ನಮ್ಮ ಮನೆಗಳಲ್ಲೂ ಮೊದಲು ಮನುಷ್ಯನನ್ನು ವಿಚಾರಿಸೋಣ, ಅಂಕಿಯನ್ನು ಆಮೇಲೆ. ಕುರಿಗಾಹಿಯಂತೆ ಕಾಯುವ ಹೃದಯವನ್ನು ಪ್ರಭು ನಮಗೆ ದಯಪಾಲಿಸಲಿ.