ಚಪ್ಪಾಳೆ ಯಾರದು?

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಪರದೇಶದ ರಾಕ್ ತಂಡಗಳ ಮಾತೇಕೆ ಎಂದು ಓದುಗರಲ್ಲಿ ಕೆಲವರಾದರೂ ಕೇಳಿಯಾರು. ಕೇಳುವುದು ನ್ಯಾಯವೇ. ವಿದ್ಯುತ್ ಗಿಟಾರಿನ ಅಬ್ಬರ ನಮ್ಮಲ್ಲಿ ಬಹುಮಂದಿಗೆ ರುಚಿಸುವಂಥದಲ್ಲ. ರಾತ್ರಿಯಿಡೀ ಚೆಂಡೆಯ ಪೆಟ್ಟಿಗೆ ಕಿವಿಗೊಟ್ಟು ಬೆಳೆದ ನಮಗೆ, ಅಬ್ಬರವೆಂಬ ಒಂದೇ ಕಾರಣಕ್ಕೆ ಅದನ್ನು ತಳ್ಳುವ ಅಧಿಕಾರವಿಲ್ಲ ಎನ್ನುವುದು ಬೇರೆ ಮಾತು. ನಮ್ಮನ್ನು ಅತ್ತ ಸೆಳೆದದ್ದು ಸಂಗೀತಕ್ಕಿಂತ ಮಿಗಿಲಾಗಿ ಒಂದು ನೈತಿಕ ತೊಡಕು. ಆ ತೊಡಕಿಗೆ ನಾವು ಸಿಲುಕಿದ್ದು ನಮ್ಮ ಸಂಘದ ಕೊಠಡಿಯಲ್ಲಿಯೇ.

ಕೆಲವು ವರ್ಷಗಳ ಹಿಂದಿನ ಸಮ್ಮೇಳನದ ಕಲಾಪಗಳನ್ನು ಧ್ವನಿಮುದ್ರಿಸಿ, ಸಿ.ಡಿ. ಮಾಡಿ ಸದಸ್ಯರ ಮನೆಮನೆಗೆ ಕೊಡುವುದೆಂದು ನಾವು ನಿಶ್ಚಯಿಸಿದ್ದೆವು. ಉದ್ಘಾಟನೆಯ ಹೊತ್ತಿಗೆ ನಾಡಗೀತೆ ಹಾಡಲು ನಿಂತ ಏಳನೆಯ ತರಗತಿಯ ಬಾಲಕಿ ನಡುವೆ ಒಂದು ಸಾಲನ್ನು ಮರೆತಳು. ಒಂದೆರಡು ಕ್ಷಣ ಸಭೆ ಸ್ತಬ್ಧವಾಯಿತು. ಅನಂತರ ಹಿಂಬದಿಯಿಂದ ಯಾರೋ ಆ ಸಾಲನ್ನು ಎತ್ತಿಕೊಟ್ಟರು, ಇನ್ನೊಬ್ಬರು ದನಿಗೂಡಿಸಿದರು. ಚರಣ ಮುಗಿಯುವಷ್ಟರಲ್ಲಿ ಸಭಾಂಗಣವೇ ಹಾಡುತ್ತಿತ್ತು, ಬಾಲಕಿಯೂ ಅದರೊಳಗೆ ಸೇರಿಕೊಂಡಿದ್ದಳು. ಶ್ರುತಿ ಎಲ್ಲೆಲ್ಲಿಗೋ ಹೋಗಿತ್ತು. ನಾಡಗೀತೆಗೆ ಚಪ್ಪಾಳೆ ತಟ್ಟುವ ರೂಢಿ ನಮ್ಮಲ್ಲಿಲ್ಲ. ಆ ದಿನ ಮಾತ್ರ ಸಭೆ ತಾನಾಗಿ ತಟ್ಟಿತು.

ಸಿ.ಡಿ. ಸಿದ್ಧಪಡಿಸುವಾಗ ನಾವು ಅಷ್ಟನ್ನೂ ತೆಗೆದುಹಾಕಿದೆವು. ಹಿಂದಿನ ದಿನದ ಅಭ್ಯಾಸದಲ್ಲಿ ಅವಳು ತಪ್ಪಿಲ್ಲದೆ ಹಾಡಿದ್ದು ನಮ್ಮ ಬಳಿ ಇತ್ತು. ಅದನ್ನು ಆ ಜಾಗದಲ್ಲಿ ಇರಿಸಿದೆವು. ನಿಜವಾದ ಚಪ್ಪಾಳೆಯೊಳಗೆ ಮಗುವೊಂದರ ಅಳು ಬೆರೆತಿತ್ತು. ಹಾಗಾಗಿ ಮಧ್ಯಾಹ್ನದ ಸನ್ಮಾನ ಸಮಾರಂಭದ ಚಪ್ಪಾಳೆಯನ್ನು ತಂದು ಕೊನೆಗೆ ಅಂಟಿಸಿದೆವು. ಬಾಲಕಿಗೆ ಮುಜುಗರವಾಗದಿರಲಿ ಎಂಬುದೇ ನಮ್ಮ ಉದ್ದೇಶವಾಗಿತ್ತು. ಸಿ.ಡಿ. ಹಂಚಿದ ವಾರದೊಳಗೆ ಅವಳ ಅಜ್ಜಿ ಸಂಘದ ಬಾಗಿಲಿಗೆ ಬಂದರು. “ಮಾಷ್ಟ್ರೇ, ಪುಳ್ಳಿ ಹಾಡಿದ್ದು ಚಂದ ಉಂಟು. ಆದರೆ ನಾವೆಲ್ಲ ಹಾಡಿದ್ದು ಎಲ್ಲಿ ಹೋಯಿತು?” ಎಂದು ಕೇಳಿದರು. ನಮ್ಮಲ್ಲಿ ಯಾರೂ ಉತ್ತರಿಸಲಿಲ್ಲ.

ಇದೇ ಪ್ರಶ್ನೆಯನ್ನು ರಾಕ್ ಸಂಗೀತಲೋಕ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಎದುರಿಸುತ್ತ ಬಂದಿದೆ ಎಂಬುದನ್ನು ನಾವು ಆಮೇಲೆ ಕಂಡುಕೊಂಡೆವು. ಸ್ಟುಡಿಯೋದಲ್ಲಿ ತಯಾರಾಗುವ ಆಲ್ಬಮ್ಮಿನ ವಿಷಯದಲ್ಲಿ ತಕರಾರಿಲ್ಲ. ಅಲ್ಲಿ ಡ್ರಮ್ ಇಂದು, ಹಾಡು ನಾಳೆ, ಗಿಟಾರ್ ಮುಂದಿನ ವಾರ. ಇದು ಕೇಳುಗನಿಗೂ ಗೊತ್ತು. ಆದರೆ ರಕ್ಷಾಪುಟದ ಮೇಲೆ ‘ಲೈವ್’ ಎಂದು ಅಚ್ಚಾದೊಡನೆ ಅದೊಂದು ಸಾಕ್ಷ್ಯವಾಗುತ್ತದೆ: ಇಂಥ ರಾತ್ರಿ, ಇಂಥ ಊರಿನಲ್ಲಿ, ಇಷ್ಟು ಜನರ ಎದುರು ಇದು ನಡೆಯಿತು ಎಂದು.

ಅಂಥ ಆಲ್ಬಮ್ ಹುಟ್ಟುವ ಬಗೆಯನ್ನು ತುಸು ಹೇಳಬೇಕು. ವೇದಿಕೆಯ ಪ್ರತಿಯೊಂದು ಮೈಕಿನ ತಂತಿಯನ್ನೂ ಕವಲೊಡೆಸಿ, ಒಂದು ಕವಲನ್ನು ಸಭಾಂಗಣದ ಧ್ವನಿವರ್ಧಕಕ್ಕೂ ಇನ್ನೊಂದನ್ನು ಹೊರಗೆ ನಿಂತ ಲಾರಿಯೊಳಗಿನ ಧ್ವನಿಮುದ್ರಣ ಯಂತ್ರಕ್ಕೂ ಒಯ್ಯುತ್ತಾರೆ. ಟೇಪಿನ ಮೇಲೆ ಒಂದೊಂದು ದನಿಗೂ ಒಂದೊಂದು ಪಥ. 1970ರ ಸುಮಾರಿಗೆ ಎಂಟು ಪಥಗಳೆಂದರೆ ವೈಭವವೇ. ಸಭಿಕರ ಸದ್ದಿಗಾಗಿ ಬೇರೆ ಮೈಕುಗಳನ್ನು ಜನರತ್ತ ತಿರುಗಿಸಿ ಇಡುತ್ತಾರೆ. ಆದರೆ ದನಿಗಳು ತಮ್ಮ ತಮ್ಮ ಪಥದಲ್ಲಿ ಶಿಸ್ತಿನಿಂದ ಕೂರುವುದಿಲ್ಲ. ಗಾಯಕನ ಮೈಕಿಗೆ ಡ್ರಮ್ ನುಗ್ಗುತ್ತದೆ, ಡ್ರಮ್ಮಿನ ಮೈಕಿಗೆ ಗಾಯಕನ ದನಿ ನುಗ್ಗುತ್ತದೆ. ತಪ್ಪಿದ ಸಾಲನ್ನು ಸ್ಟುಡಿಯೋದಲ್ಲಿ ಮತ್ತೆ ಹಾಡಿ ಮೇಲೆ ಕೂರಿಸಿದರೂ, ಹಳೆಯ ತಪ್ಪು ಡ್ರಮ್ಮಿನ ಪಥದೊಳಗೆ ಕ್ಷೀಣವಾಗಿ ಉಳಿದಿರುತ್ತದೆ. ತಪ್ಪನ್ನು ಅಳಿಸುವುದು ಅಷ್ಟು ಸುಲಭವಲ್ಲ ಎಂಬುದು ನೀತಿಶಾಸ್ತ್ರದಲ್ಲಿ ಮಾತ್ರವಲ್ಲ, ಧ್ವನಿಶಾಸ್ತ್ರದಲ್ಲಿಯೂ ನಿಜವೆಂದಾಯಿತು.

ಪ್ರಾಮಾಣಿಕತೆಗೆ ಹೆಸರಾದ ಆಲ್ಬಮ್ ಒಂದನ್ನೇ ಮೊದಲು ನೋಡೋಣ. ಇಂಗ್ಲೆಂಡಿನ ‘ದಿ ಹೂ’ ತಂಡ 1970ರ ಫೆಬ್ರವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದ ಭೋಜನಶಾಲೆಯಲ್ಲಿ ನಡೆಸಿದ ಕಛೇರಿಯೇ ‘ಲೈವ್ ಅಟ್ ಲೀಡ್ಸ್’. ಅದಕ್ಕೆ ಮೊದಲು ಅಮೆರಿಕದ ಪ್ರವಾಸದಲ್ಲಿ ಮುದ್ರಿಸಿಕೊಂಡ ರಾಶಿ ಟೇಪುಗಳಿದ್ದವು. ಅಷ್ಟನ್ನು ಕೂತು ಕೇಳುವುದು ಯಾರಿಂದಲೂ ಆಗದೆಂದು ಅವನ್ನು ಸುಟ್ಟುಬಿಡಲು ಹೇಳಿದ್ದಾಗಿ ತಂಡದ ಪೀಟ್ ಟೌನ್‌ಷೆಂಡ್ ಅವರೇ ಹೇಳಿಕೊಂಡಿದ್ದಾರೆ. ಲೀಡ್ಸಿನ ಟೇಪಿನಲ್ಲಿ ಚಟಪಟ ಸದ್ದು ಸೇರಿತ್ತು. ಅವರು ಅದನ್ನು ಮುಚ್ಚಿಡಲಿಲ್ಲ. ಆ ಸದ್ದು ಇರಲಿ, ತಿದ್ದಬೇಡಿ ಎಂಬ ಸೂಚನೆಯನ್ನು ಗ್ರಾಮಫೋನ್ ತಟ್ಟೆಯ ನಡುವಿನ ಚೀಟಿಯ ಮೇಲೆ ಕೈಬರಹದಲ್ಲಿಯೇ ಅಚ್ಚು ಹಾಕಿಸಿದರು. ರಕ್ಷಾಪುಟವೂ ಕಳ್ಳಮಾರ್ಗದಲ್ಲಿ ಬಿಕರಿಯಾಗುವ ತಟ್ಟೆಗಳ ಹಾಗೆ ಬರಿಯ ಕಂದು ಕಾಗದ, ಮೇಲೊಂದು ರಬ್ಬರ್ ಮೊಹರು.

ಇಷ್ಟು ಬಿಚ್ಚುಮನಸ್ಸಿನ ಕೆಲಸದಲ್ಲಿಯೂ ಒಂದು ಗುಟ್ಟಿತ್ತು. ಹಿನ್ನೆಲೆಯ ದನಿಗಳು ಚೆನ್ನಾಗಿ ಮುದ್ರಿತವಾಗಿರಲಿಲ್ಲ. ಟೌನ್‌ಷೆಂಡ್ ಮತ್ತು ಜಾನ್ ಎಂಟ್‌ವಿಸಲ್ ಸ್ಟುಡಿಯೋಗೆ ಹೋಗಿ ಅವನ್ನು ಮತ್ತೊಮ್ಮೆ ಹಾಡಿದರು, ಅದೂ ವೇದಿಕೆಯ ಕಾವು ಆರಬಾರದೆಂದು ಒಂದೇ ಓಟದಲ್ಲಿ. ಮೂವತ್ತಕ್ಕೂ ಹೆಚ್ಚು ಹಾಡುಗಳ ಕಛೇರಿಯಿಂದ ಮೊದಲ ತಟ್ಟೆಗೆ ಬಂದವು ಆರೇ ಆರು. ಇದನ್ನು ಮೋಸವೆನ್ನೋಣವೇ? ನಮಗೆ ಹಾಗೆನಿಸುವುದಿಲ್ಲ. ಹಾಡಿದವರು ಹಾಡಿದ್ದನ್ನೇ ತಾವೇ ಮತ್ತೆ ಹಾಡಿದರು. ಅಧ್ಯಕ್ಷ ಭಾಷಣವನ್ನು ಅಚ್ಚಿಗೆ ಕೊಡುವ ಮೊದಲು ಭಾಷಣಕಾರರು ಪೆನ್ನು ಹಿಡಿದು ವಾಕ್ಯಗಳನ್ನು ನೇರಗೊಳಿಸುವುದುಂಟು. ಈ ಸಂಚಿಕೆಯಲ್ಲಿಯೂ ಅದು ನಡೆದಿದೆ. ಯಾರೂ ಅದನ್ನು ಸುಳ್ಳೆನ್ನುವುದಿಲ್ಲ.

ಏನನ್ನೂ ಮೇಲೆ ಸೇರಿಸದಿದ್ದರೆ ಸತ್ಯ ತಾನಾಗಿ ಉಳಿಯುತ್ತದೆ ಎನ್ನುವವರಿಗೆ ಡೀಪ್ ಪರ್ಪಲ್ ತಂಡದ ‘ಮೇಡ್ ಇನ್ ಜಪಾನ್’ ಒಂದು ಉತ್ತರ. 1972ರ ಆಗಸ್ಟ್ 15 ಮತ್ತು 16ರಂದು ಒಸಾಕದಲ್ಲಿ, 17ರಂದು ಟೋಕಿಯೋದ ಬುಡೋಕಾನ್‌ನಲ್ಲಿ ಮಾರ್ಟಿನ್ ಬರ್ಚ್ ಮುದ್ರಿಸಿಕೊಂಡ ಮೂರು ರಾತ್ರಿಗಳವು. ಮರುಹಾಡಿಕೆಯ ತೇಪೆ ಹಾಕಲಿಲ್ಲ ಎಂಬುದು ತಂಡದ ಹೆಮ್ಮೆ. ಆದರೆ ಮೂರು ರಾತ್ರಿಗಳಲ್ಲಿ ಹುಡುಕಿ ಆರಿಸಿದ ಏಳು ಹಾಡುಗಳನ್ನು ಒಂದರ ಹಿಂದೊಂದು ಜೋಡಿಸಿದ ಆ ಕಛೇರಿ ಭೂಮಿಯ ಮೇಲೆ ಎಲ್ಲಿಯೂ, ಯಾವ ರಾತ್ರಿಯೂ ನಡೆದಿಲ್ಲ. ಆಯ್ಕೆಯೂ ತಿದ್ದುಪಡಿಯೇ. ತೂಗಿ ನೋಡಿದರೆ ಒಂದು ಸ್ವರವನ್ನು ನೇರಗೊಳಿಸುವುದಕ್ಕಿಂತ ಇದು ದೊಡ್ಡ ತಿದ್ದುಪಡಿ. ಇಷ್ಟಾಗಿಯೂ ಇಲ್ಲಿ ನಮಗೆ ಕಸಿವಿಸಿಯಿಲ್ಲ.

ಕಸಿವಿಸಿ ಆರಂಭವಾಗುವುದು 1978ರ ‘ಲೈವ್ ಆ್ಯಂಡ್ ಡೇಂಜರಸ್’ನಿಂದ. ಐರ್ಲೆಂಡಿನ ಥಿನ್ ಲಿಜ್ಜಿ ತಂಡದ ಈ ಆಲ್ಬಮ್ ಲಂಡನ್, ಫಿಲಡೆಲ್ಫಿಯ ಮತ್ತು ಟೊರಾಂಟೊ ಕಛೇರಿಗಳ ಮುದ್ರಣ. ಇದರ ಮುಕ್ಕಾಲು ಪಾಲನ್ನು ಸ್ಟುಡಿಯೋದಲ್ಲಿ ಮತ್ತೆ ಮಾಡಲಾಯಿತು, ಮೂಲದಿಂದ ಉಳಿದದ್ದು ಡ್ರಮ್ಮು ಮತ್ತು ಜನರ ಸದ್ದು ಮಾತ್ರ ಎಂದು ನಿರ್ಮಾಪಕ ಟೋನಿ ವಿಸ್ಕಾಂಟಿ ಮುಂದೆ ಹೇಳಿದರು. ತಂಡದ ಕಡೆಯವರು ಒಪ್ಪಲಿಲ್ಲ. ಲೆಕ್ಕ ತಲೆಕೆಳಗಾಗಿದೆ, ಮುಕ್ಕಾಲು ಪಾಲು ವೇದಿಕೆಯದೇ ಎಂದು ಅವರ ವಾದ. ಆ ಜಗಳವನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ನಮ್ಮನ್ನು ತಡೆದು ನಿಲ್ಲಿಸಿದ್ದು ವಿಸ್ಕಾಂಟಿಯ ಮಾತಿನಲ್ಲಿ ಅಡಗಿದ ಒಂದು ಚಿತ್ರ: ಹಾಡು ಬದಲಾಗಿದೆ, ಗಿಟಾರ್ ಬದಲಾಗಿದೆ, ಬದಲಾಗದೆ ಉಳಿದದ್ದು ಜನರ ಕೂಗು. ತಾವು ಯಾವುದಕ್ಕೆ ಕೂಗಿದರೋ ಆ ಹಾಡುಗಾರಿಕೆ ಅಲ್ಲಿಲ್ಲ; ತಾವು ಎಂದೂ ಕೇಳದ ಹಾಡುಗಾರಿಕೆಗೆ ಅವರು ಮೆಚ್ಚುಗೆ ಸೂಚಿಸುತ್ತಿದ್ದಾರೆ.

ಇದರ ಕೊನೆಯ ಮೆಟ್ಟಿಲನ್ನು ಕಾಣಬೇಕಾದರೆ ಹಿಂದಕ್ಕೆ, 1966ಕ್ಕೆ ಹೋಗಬೇಕು. ಆ ವರ್ಷ ಅಮೆರಿಕದಲ್ಲಿ ಬಿಡುಗಡೆಯಾದ ರೋಲಿಂಗ್ ಸ್ಟೋನ್ಸ್ ತಂಡದ ಲೈವ್ ಆಲ್ಬಮ್ಮಿನಲ್ಲಿ ಎರಡು ಹಾಡುಗಳು ಸಭೆಯ ಮುಖವನ್ನೇ ಕಂಡವಲ್ಲ. ಅವು ಸ್ಟುಡಿಯೋದಲ್ಲಿ ಹಾಡಿದವು, ಕಿರಿಚಾಟವನ್ನು ಆಮೇಲೆ ಮೇಲೆ ಹೊದಿಸಲಾಯಿತು. ಇಲ್ಲಿ ಗೆರೆ ಸ್ಪಷ್ಟವಾಗಿ ದಾಟಿಹೋಯಿತೆಂದು ನಮಗೆ ತೋರುತ್ತದೆ. ಗಾಯಕನ ದನಿ ಗಾಯಕನದು. ಅದನ್ನು ಅವನು ಒರೆಸಿ, ತಿದ್ದಿ, ಹೊಸದಾಗಿ ಕೊಟ್ಟರೆ ಅದು ಅವನ ಸೊತ್ತಿನ ವಿಚಾರ, ಹೆಚ್ಚೆಂದರೆ ಅವನ ಅಭಿಮಾನದ ವಿಚಾರ. ಚಪ್ಪಾಳೆ ಅವನದಲ್ಲ. ಅದು ಟಿಕೆಟು ಕೊಂಡು ಬಂದು ನಿಂತ, ಹೆಸರು ಗೊತ್ತಿಲ್ಲದ ಒಬ್ಬೊಬ್ಬನ ಅಭಿಪ್ರಾಯ. ಅವರು ಕೊಡದ ಮೆಚ್ಚುಗೆಯನ್ನು ಅವರ ಬಾಯಿಂದ ಬಂತೆಂದು ತೋರಿಸುವುದು ಒಬ್ಬರ ಸಹಿಯನ್ನು ಇನ್ನೊಬ್ಬರು ಹಾಕಿದ ಹಾಗೆ.

ಕೇಳುಗನಿಗೆ ಆದ ನಷ್ಟವೇನು, ಅವನು ಸಂತೋಷಪಟ್ಟನಲ್ಲ ಎಂದು ಕೇಳುವವರಿದ್ದಾರೆ. ಪಟ್ಟ. ಆದರೆ ನಷ್ಟವನ್ನು ಕೊಂಡವನ ಕಡೆಯಿಂದ ಮಾತ್ರ ಅಳೆಯುವುದೇಕೆ? ಆ ರಾತ್ರಿ ಅಲ್ಲಿದ್ದವರನ್ನು ಈ ಲೆಕ್ಕದಲ್ಲಿ ಯಾರೂ ಹಿಡಿಯುವುದಿಲ್ಲ.

ಹೀಗೆಂದೊಡನೆ ಸಭಿಕರ ಸದ್ದೆಲ್ಲ ಪವಿತ್ರ, ಅದನ್ನು ಮುಟ್ಟಲೇಬಾರದು ಎಂದೂ ಅಲ್ಲ. 1964 ಮತ್ತು 1965ರಲ್ಲಿ ಲಾಸ್ ಏಂಜಲಿಸ್‌ನ ಹಾಲಿವುಡ್ ಬೌಲ್ ಎಂಬ ಬಯಲು ರಂಗಮಂದಿರದಲ್ಲಿ ಬೀಟಲ್ಸ್ ಹಾಡಿದಾಗ ಮುದ್ರಣಕ್ಕಿದ್ದದ್ದು ಮೂರೇ ಪಥ. ಸಾವಿರಾರು ಕಿಶೋರಿಯರ ಚೀತ್ಕಾರದಲ್ಲಿ ಹಾಡುವವರಿಗೆ ತಮ್ಮ ದನಿಯೇ ಕೇಳಿಸುತ್ತಿರಲಿಲ್ಲ. ಟೇಪುಗಳು ಕಪಾಟಿನಲ್ಲಿಯೇ ಉಳಿದವು. ಜಾರ್ಜ್ ಮಾರ್ಟಿನ್ ಅವುಗಳಿಂದ ಆಲ್ಬಮ್ ಹೊರತಂದದ್ದು 1977ರಲ್ಲಿ. 2016ರಲ್ಲಿ ಅವರ ಮಗ ಜೈಲ್ಸ್ ಮಾರ್ಟಿನ್, ಚೀತ್ಕಾರದಿಂದ ಸಂಗೀತವನ್ನು ಕಂಪ್ಯೂಟರಿನ ನೆರವಿನಿಂದ ಬಿಡಿಸಿ ಮತ್ತೆ ಹೊರತಂದರು. ಈಗ ಬೀಟಲ್ಸ್ ಚೆನ್ನಾಗಿ ಕೇಳಿಸುತ್ತಾರೆ. ಆ ಸಂಜೆ ಅಲ್ಲಿದ್ದ ಯಾರಿಗೂ, ಬೀಟಲ್ಸ್‌ಗೂ ಸಹ, ಅವರು ಅಷ್ಟು ಚೆನ್ನಾಗಿ ಕೇಳಿಸಿರಲಿಲ್ಲ. ಆದರೂ ಜೈಲ್ಸ್ ಚೀತ್ಕಾರವನ್ನು ತಗ್ಗಿಸಿದರೇ ಹೊರತು ಅಳಿಸಲಿಲ್ಲ. ಈ ಅಂತರವನ್ನು ನಾವು ಮೆಚ್ಚುತ್ತೇವೆ.

‘ದಿ ಹೂ’ ತಂಡದ ಕಥೆಗೂ ಒಂದು ಬಾಲವಿದೆ. ಲೀಡ್ಸಿನ ಮರುದಿನ ಹಲ್ ನಗರದ ಕಛೇರಿಯನ್ನೂ ಮುದ್ರಿಸಿಕೊಂಡಿದ್ದರು. ಮೊದಲ ಕೆಲವು ಹಾಡುಗಳಲ್ಲಿ ಎಂಟ್‌ವಿಸಲ್‌ರ ಬೇಸ್ ಗಿಟಾರ್ ಟೇಪಿನ ಮೇಲೆ ಇರಲಿಲ್ಲವೆಂದು ಅದನ್ನು ಬದಿಗಿಟ್ಟರು. 2010ರಲ್ಲಿ ಹಲ್ ಕಛೇರಿ ಹೊರಬಂದಾಗ, ಹಿಂದಿನ ರಾತ್ರಿ ಲೀಡ್ಸಿನಲ್ಲಿ ನುಡಿಸಿದ್ದನ್ನು ತಂದು ಆ ಖಾಲಿ ಜಾಗ ತುಂಬಿದ್ದರು. ಎಂಟ್‌ವಿಸಲ್ 2002ರಲ್ಲಿಯೇ ತೀರಿಕೊಂಡಿದ್ದರು, ಅವರನ್ನು ಕೇಳುವಂತಿರಲಿಲ್ಲ. ದನಿ ಅವರದೇ, ಹಾಡೂ ಅದೇ, ರಾತ್ರಿ ಮಾತ್ರ ಬೇರೆ. ಇದನ್ನು ಓದಿದಾಗ ನಮಗೆ ನೆನಪಾದದ್ದು ನಮ್ಮ ಬಾಲಕಿಯ ಅಭ್ಯಾಸದ ಹಾಡು. ನಾವು ಮಾಡಿದ್ದೂ ಇದನ್ನೇ. ಅಂತರವಿಷ್ಟೆ: ಬಾಲಕಿ ಬದುಕಿದ್ದಳು, ಸಂಘದಿಂದ ಎರಡು ಫರ್ಲಾಂಗು ದೂರದಲ್ಲಿದ್ದಳು, ನಾವು ಕೇಳಲಿಲ್ಲ.

ಈ ವಿಷಯದಲ್ಲಿ ನಮ್ಮ ಹಿರಿಯರಿಗಿದ್ದ ತಿಳಿವಳಿಕೆ ಯಂತ್ರ ಹೆಚ್ಚಿದ ಹಾಗೆ ನಮ್ಮಲ್ಲಿ ಕಡಿಮೆಯಾಯಿತೋ ಏನೋ. ತಾಳಮದ್ದಳೆಯ ಹಳೆಯ ಕ್ಯಾಸೆಟ್‌ಗಳನ್ನು ಕೇಳಿದವರಿಗೆ ಗೊತ್ತು: ಭಾಗವತರ ಮುಂದೆ ಯಾರೋ ಅಭಿಮಾನಿ ಇಟ್ಟ ಟೇಪ್ ರೆಕಾರ್ಡರಿನಲ್ಲಿ ಅರ್ಥಧಾರಿಯ ಮಾತಿನಷ್ಟೇ ಸಭೆಯ ನಗುವೂ ಕೆಮ್ಮೂ ಇರುತ್ತವೆ. ಬದಿ ತಿರುಗಿಸುವಷ್ಟರಲ್ಲಿ ಒಂದು ಒಳ್ಳೆಯ ಮಾತು ಕಳೆದುಹೋಗಿರುತ್ತದೆ. ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡವಂತೂ 1984ರಿಂದ ತನ್ನ ಕಛೇರಿಗಳಲ್ಲಿ ಹೀಗೆ ಮುದ್ರಿಸಿಕೊಳ್ಳುವ ಅಭಿಮಾನಿಗಳಿಗೆಂದೇ ಪ್ರತ್ಯೇಕ ಜಾಗ ಬಿಟ್ಟುಕೊಟ್ಟಿತು. ಕೇಳುಗನ ಕೈಯಲ್ಲಿ ಯಂತ್ರವಿದ್ದರೆ ಕೇಳುಗನ ಪಾಲು ತಾನಾಗಿ ಉಳಿಯುತ್ತದೆ.

ಬಾಲಕಿಯ ಮುಜುಗರದ ಮಾತನ್ನು ಮಾತ್ರ ನಾವು ಹಗುರವಾಗಿ ತಳ್ಳಲಾರೆವು. ಹನ್ನೆರಡು ವರ್ಷದ ಮಗುವಿನ ಮರೆವನ್ನು ನೂರಾರು ಮನೆಗಳಲ್ಲಿ ಶಾಶ್ವತವಾಗಿಸುವುದು ಸತ್ಯನಿಷ್ಠೆಯ ಹೆಸರಿನ ಕ್ರೌರ್ಯವೂ ಆದೀತು. ಅವಳ ಒಬ್ಬಳ ಹಾಡನ್ನು ತಿದ್ದಿದ್ದು ಮನ್ನಿಸಬಹುದಾದದ್ದು ಎಂದು ಈಗಲೂ ನಮ್ಮಲ್ಲಿ ಕೆಲವರು ವಾದಿಸುತ್ತಾರೆ. ಆದರೆ ಅವಳು ನಿಂತುಹೋದಾಗ ದನಿಗೂಡಿಸಿದವರು ಅವಳ ತಪ್ಪಿನ ಭಾಗವಲ್ಲ. ಗಡಿಯ ಈಚೆ, ಮಕ್ಕಳಿಗೆ ಕನ್ನಡ ಶಾಲೆ ಇರುತ್ತದೋ ಇಲ್ಲವೋ ಎಂಬ ಅಂಜಿಕೆಯಲ್ಲಿ ಬದುಕುವ ಜನ, ಆ ಸಾಲು ತಮಗೆ ಇನ್ನೂ ಬಾಯಿಪಾಠವಿದೆ ಎಂದು ತಮಗೇ ಗೊತ್ತುಮಾಡಿಕೊಂಡ ಅರ್ಧ ನಿಮಿಷ ಅದು. ಅದರ ಬದಲಿಗೆ ಸನ್ಮಾನಿತರೊಬ್ಬರ ಶಾಲಿಗೆ ಬಿದ್ದ ಚಪ್ಪಾಳೆಯನ್ನು ನಾವು ಅಂಟಿಸಿದ್ದೆವು.

ಅಜ್ಜಿ ಹೋದ ಮೇಲೆ ಮೂಲ ಧ್ವನಿಮುದ್ರಣವನ್ನು ಹುಡುಕಿದೆವು. ಮುಂದಿನ ಕಾರ್ಯಕ್ರಮಕ್ಕೆ ಜಾಗ ಬೇಕೆಂದು ಅದನ್ನು ನಾವೇ ಅಳಿಸಿದ್ದೆವು. ಕಳೆದ ವರ್ಷ ಸದಸ್ಯರೊಬ್ಬರ ಹಳೆಯ ಮೊಬೈಲಿನಲ್ಲಿ ಅದರ ಒಂದು ತುಣುಕು ಸಿಕ್ಕಿತು. ಹಿಂದಿನ ಸಾಲಿನಿಂದ ಹಿಡಿದದ್ದಾದ್ದರಿಂದ ಬಾಲಕಿಯ ದನಿ ಬಹಳ ದೂರ, ಕುರ್ಚಿಗಳ ಸದ್ದು ಬಹಳ ಹತ್ತಿರ. ಈಗ ಮಂಗಳೂರಿನಲ್ಲಿ ಕಾಲೇಜು ಓದುತ್ತಿರುವ ಅವಳಿಗೆ ಅದನ್ನು ಕಳಿಸಿ, ಏನು ಮಾಡೋಣ ಎಂದು ಈ ಸಲ ಕೇಳಿದೆವು. ಎರಡು ದಿನದ ಮೇಲೆ ಉತ್ತರ ಬಂತು. ತನ್ನ ಬಗ್ಗೆ ಅವಳು ಏನೂ ಹೇಳಿರಲಿಲ್ಲ. ಮೊದಲು ಸಾಲು ಎತ್ತಿಕೊಟ್ಟ ಆ ದನಿ ಯಾರದು, ನಿಮಗೆ ಗೊತ್ತೇ ಎಂದು ಕೇಳಿದ್ದಳು.