ಯುದ್ಧಕಾಲದಲ್ಲಿ ಹರಿಸ್ಮರಣೆ



ಮಾರ್ಗಶಿರ ಶುದ್ಧ ಏಕಾದಶಿಯು ಗೀತಾಜಯಂತಿಯ ಪುಣ್ಯದಿನ. ಮಾಸಗಳಲ್ಲಿ ಮಾರ್ಗಶಿರವು ತಾನೆಂದು ಭಗವಂತನೇ ವಿಭೂತಿಯೋಗದಲ್ಲಿ ಅಪ್ಪಣೆ ಕೊಡಿಸಿದ್ದಾನೆ. ಈ ಪರ್ವದಲ್ಲಿ ನಾವು ಸ್ನಾನಾಹ್ನಿಕಗಳನ್ನು ಮುಗಿಸಿ ಗೀತಾಪಾರಾಯಣ ಮಾಡುತ್ತೇವೆ; ಸಂಜೆ ಉಪನ್ಯಾಸಗಳನ್ನು ಕೇಳುತ್ತೇವೆ. ಆದರೆ ಗೀತೆಯು ಉಪದಿಷ್ಟವಾದುದು ಎರಡು ಸೇನೆಗಳ ನಡುವೆ, ಕೈಕಾಲು ನಡುಗಿ ಕುಳಿತ ಒಬ್ಬ ಯೋಧನಿಗೆ ಎಂಬುದನ್ನು ಮಾತ್ರ ಎಷ್ಟೋ ವೇಳೆ ಮರೆತುಬಿಡುತ್ತೇವೆ. ಆ ಉಪದೇಶವು ಯುದ್ಧಕಾಲದಲ್ಲಿ ಒಬ್ಬ ಸಾಮಾನ್ಯ ಗೃಹಸ್ಥನಿಗೆ ಹೇಗೆ ಆಸರೆಯಾಯಿತೆಂಬುದನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ನಮ್ಮ ದೇವಸ್ಥಾನಕ್ಕೆ ನಿತ್ಯವೂ ಬರುತ್ತಿದ್ದ ಹಿರಿಯರೊಬ್ಬರು ತಾರುಣ್ಯದಲ್ಲಿ ಕಚೇರಿಯೊಂದರ ಗುಮಾಸ್ತರು. ಜೊತೆಗೆ ಟೆರಿಟೋರಿಯಲ್ ಆರ್ಮಿ ಎಂದು ಪ್ರಸಿದ್ಧವಾದ ಪ್ರಾದೇಶಿಕ ಸೇನೆಯ ಸಿಪಾಯಿಗಳು. 1949ರಲ್ಲಿ ಚಕ್ರವರ್ತಿ ರಾಜಗೋಪಾಲಾಚಾರ್ಯರು ಉದ್ಘಾಟಿಸಿದ ಈ ಸೇನೆಯಲ್ಲಿ ಸೇರಿದವರು ತಮ್ಮ ತಮ್ಮ ವೃತ್ತಿಗಳಲ್ಲಿದ್ದುಕೊಂಡೇ ವರ್ಷಕ್ಕೊಮ್ಮೆ ಶಿಕ್ಷಣ ಪಡೆಯುವರು. ದೇಶಕ್ಕೆ ವಿಪತ್ತು ಬಂದಾಗ ಕರೆಗೆ ಓಗೊಡುವರು. 1962, 1965 ಮತ್ತು 1971ರ ಮೂರು ಯುದ್ಧಗಳಲ್ಲಿಯೂ ಇಂಥವರ ಸೇವೆ ಸಂದಿದೆ.

1971ರಲ್ಲಿ ಆ ಹಿರಿಯರಿಗೂ ಕರೆ ಬಂದಿತು. ಅವರನ್ನು ಪಶ್ಚಿಮ ಗಡಿಯ ಕಡೆಯ ಒಂದು ರೈಲು ಸೇತುವೆಯ ಕಾವಲಿಗೆ ನಿಯಮಿಸಿದರು. ಹೊರಡುವಾಗ ತಾಯಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ, ರಾಯರ ಮಠದ ಮಂತ್ರಾಕ್ಷತೆಯನ್ನು ಕಾಗದದಲ್ಲಿ ಕಟ್ಟಿ ಮಗನ ಜೇಬಿನಲ್ಲಿಟ್ಟರಂತೆ. ಆ ವರ್ಷದ ಗೀತಾಜಯಂತಿ ಕಳೆದು ವಾರ ತುಂಬುವ ಮೊದಲೇ, ಡಿಸೆಂಬರ್ 3ರಂದು, ಯುದ್ಧ ಮೊದಲಾಯಿತು.

"ಹುಟ್ಟು ಸಿಪಾಯಿಗೆ ಇಲ್ಲದ ಒಂದು ಕಷ್ಟ ನಮಗಿತ್ತು" ಎಂದು ಅವರು ಹೇಳುತ್ತಿದ್ದರು. "ನಿನ್ನೆಯವರೆಗೆ ಲೇಖನಿ ಹಿಡಿದ ಕೈ ಇಂದು ಬಂದೂಕು ಹಿಡಿಯಬೇಕು. ದೇಹ ಸೇತುವೆಯ ಮೇಲಿದ್ದರೂ ಮನಸ್ಸು ಮನೆಯ ಹೊಸ್ತಿಲಲ್ಲಿರುತ್ತಿತ್ತು. ಮೂರು ರಾತ್ರಿ ನಿದ್ರೆಯೇ ಬರಲಿಲ್ಲ. ನಾಲ್ಕನೆಯ ದಿನ ಬೆಳಗಿನ ಜಾವ ಅರ್ಘ್ಯಕ್ಕೆ ನೀರಿರಲಿಲ್ಲ, ಕುಳಿತುಕೊಳ್ಳುವಂತೆಯೂ ಇರಲಿಲ್ಲ. ನಿಂತಲ್ಲಿಯೇ ಮನಸ್ಸಿನಲ್ಲಿ ಸಂಧ್ಯಾವಂದನೆ ಮಾಡಿದೆ. ಈ ಸೇತುವೆಯನ್ನು ಕಾಯುವುದೇ ಇಂದು ನಿನ್ನ ಪೂಜೆ ಸ್ವಾಮಿ ಎಂದುಕೊಂಡೆ. ನಡುಕ ನಿಂತಿತು."

ಮಹನೀಯರೆ, ಈ ಮಾತಿನಲ್ಲಿ ಗೀತೆಯ ಸಾರವೇ ಅಡಗಿದೆ. ಸರ್ವಕಾಲದಲ್ಲಿಯೂ ತನ್ನನ್ನು ಸ್ಮರಿಸುತ್ತ ಯುದ್ಧಮಾಡಬೇಕೆಂದು ಎಂಟನೆಯ ಅಧ್ಯಾಯದಲ್ಲಿ ಭಗವಂತನ ಆದೇಶ. ಸ್ವಕರ್ಮದಿಂದಲೇ ತನ್ನನ್ನು ಅರ್ಚಿಸಬೇಕೆಂಬುದು ಹದಿನೆಂಟನೆಯ ಅಧ್ಯಾಯದ ಮಾತು. ಮೂರನೆಯ ಅಧ್ಯಾಯದಲ್ಲಿ ಅರ್ಜುನನಿಗೆ ವಿಗತಜ್ವರನಾಗು ಎನ್ನುತ್ತಾನೆ. ಇಲ್ಲಿ ಜ್ವರವೆಂದರೆ ಮೈಯ ಬಿಸಿಯಲ್ಲ, ಎಲ್ಲವೂ ನನ್ನಿಂದಲೇ ಆಗಬೇಕು, ಆಗದಿದ್ದರೆ ಗತಿಯೇನು ಎಂಬ ಅಂತಸ್ತಾಪ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜೀವನು ಕರ್ತೃವೇ ಹೌದು, ಆದರೆ ಪರಾಧೀನಕರ್ತೃ; ಸ್ವತಂತ್ರಕರ್ತೃವು ಶ್ರೀಹರಿಯೊಬ್ಬನೇ. ಜೀವನು ಕರ್ತೃವಾದುದರಿಂದ, ಹರಿಯೇ ಕಾಯುವನೆಂದು ಕಾವಲುಗಾರನು ನಿದ್ರಿಸುವಂತಿಲ್ಲ. ಪರಾಧೀನನಾದುದರಿಂದ, ಫಲದ ಭಾರವನ್ನು ತಲೆಯ ಮೇಲೆ ಹೊತ್ತು ನಡುಗಬೇಕಾಗಿಯೂ ಇಲ್ಲ. ಧೈರ್ಯವು ಹುಟ್ಟುವುದು ಈ ಎರಡರ ಅರಿವಿನಿಂದ.

ಆದರೆ ಆ ಹಿರಿಯರ ಕಥೆ ಇಲ್ಲಿಗೆ ಮುಗಿಯಲಿಲ್ಲ. ಅವರ ಜೊತೆಯಲ್ಲಿ ಮಂತ್ರಾಲಯದ ಕಡೆಯ ಒಬ್ಬ ತರುಣನಿದ್ದನು. ಕುಲ ಬೇರೆಯಾದರೂ ರಾಯರಲ್ಲಿ ಅಚಲಭಕ್ತಿಯುಳ್ಳವನು. ಇವರು ತಮ್ಮಲ್ಲಿದ್ದ ಮಂತ್ರಾಕ್ಷತೆಯ ಅರ್ಧವನ್ನು ಅವನಿಗೆ ಕೊಟ್ಟಿದ್ದರು. ಒಂದು ವಿಮಾನದಾಳಿಯಲ್ಲಿ ಅವನು ತೀರಿಕೊಂಡನು. ಹತ್ತು ಮಾರು ದೂರದಲ್ಲಿದ್ದ ಇವರಿಗೆ ಗಾಯವೂ ಆಗಲಿಲ್ಲ. ಡಿಸೆಂಬರ್ 16ರಂದು ಢಾಕಾದಲ್ಲಿ ಶತ್ರುಸೇನೆ ಶರಣಾಯಿತು. ಕೆಲಕಾಲದ ಮೇಲೆ ಇವರೂ ಮನೆಗೆ ಮರಳಿದರು. ತಾಯಿ, ರಾಯರು ಕಾಪಾಡಿದರು ಎಂದು ಆನಂದಬಾಷ್ಪ ಸುರಿಸಿದಾಗ ಇವರಿಗೆ ಉತ್ತರಿಸಲು ಮಾತು ಹೊರಡಲಿಲ್ಲ.

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಒಳಗೇ ಇಟ್ಟುಕೊಂಡಿದ್ದ ಆ ಪ್ರಶ್ನೆಯನ್ನು ಅವರು ಒಂದು ಸಂಜೆ ಅರ್ಚಕರಾದ ನಮ್ಮ ತಂದೆಯವರಲ್ಲಿ ಕೇಳಿದರು. ಪಾಠಶಾಲೆಯ ಬಾಲಕನಾಗಿದ್ದ ನಾನು ಪಕ್ಕದಲ್ಲಿಯೇ ತುಳಸಿ ಬಿಡಿಸುತ್ತಿದ್ದೆ.

"ಆಚಾರ್ಯರೆ, ಒಂದೇ ಮಂತ್ರಾಕ್ಷತೆ ಇಬ್ಬರ ಜೇಬಿನಲ್ಲಿಯೂ ಇತ್ತು. ನಾನು ಉಳಿದೆ, ಅವನು ಉಳಿಯಲಿಲ್ಲ. ಅವನ ಭಕ್ತಿಯಲ್ಲಿ ಏನು ಕೊರತೆಯಿತ್ತು?"

ತಂದೆಯವರು ಬಹಳ ಹೊತ್ತು ಸುಮ್ಮನಿದ್ದು ಹೀಗೆ ಹೇಳಿದರು: "ಕೊರತೆಯಿತ್ತೆಂದು ಹೇಳಲು ನಾವು ಯಾರು? ಅಭಿಮನ್ಯು ಶ್ರೀಕೃಷ್ಣನ ಸ್ವಂತ ಸೋದರಳಿಯ. ಹದಿಮೂರನೆಯ ದಿನ ಮಡಿದನು. ಘಟೋತ್ಕಚನು ಜೀವೋತ್ತಮನಾದ ಭೀಮಸೇನದೇವರ ಮಗ. ಮರುದಿನದ ರಾತ್ರಿಯುದ್ಧದಲ್ಲಿ ಬಿದ್ದನು. ಹರಿಯೂ ವಾಯುವೂ ಇದ್ದ ಪಾಳೆಯದಲ್ಲಿಯೇ ಹೀಗಾಯಿತು. ಮಂತ್ರಾಕ್ಷತೆಯು ಗುಂಡು ತಡೆಯುವ ಕವಚವಲ್ಲ. ಈ ಜೀವವನ್ನು ಸ್ವಾಮಿಯ ಕೈಗೆ ಒಪ್ಪಿಸಿದ್ದೇವೆಂಬುದರ ಗುರುತು. ಅವನು ಉಳಿಸಿದರೂ ಕರೆದುಕೊಂಡರೂ ಆ ಕೈಯಿಂದ ಜಾರಿದ್ದಿಲ್ಲ. ಸ್ವಾಮಿಗೆ ಪಕ್ಷಪಾತವಿಲ್ಲ, ನಿರ್ದಯೆಯಿಲ್ಲ. ಅನಾದಿಕರ್ಮದ ಲೆಕ್ಕ ಅವನೊಬ್ಬನಿಗೇ ತಿಳಿದದ್ದು. ನಮಗೆ ತಿಳಿಯಬೇಕಾದದ್ದು, ಉಳಿದ ಆಯುಸ್ಸನ್ನು ಏನು ಮಾಡಬೇಕೆಂಬುದಷ್ಟೆ. ಮಹಾಲಯದಲ್ಲಿ ಸರ್ವಪಿತೃಗಳಿಗೆ ತರ್ಪಣ ಕೊಡುವಾಗ ಕೊನೆಯಲ್ಲಿ ಗುರುವಿಗೆ, ಆಚಾರ್ಯನಿಗೆ, ಸಖನಿಗೂ ಕೊಡುವ ಕ್ರಮವುಂಟು. ನೀವು ಅವನನ್ನು ಅಲ್ಲಿ ಸ್ಮರಿಸಿರಿ."

ಹಿರಿಯರು ಕಣ್ಣೊರಸಿಕೊಂಡರು. ಅಂದಿನಿಂದ ಪ್ರತಿ ಮಹಾಲಯದಲ್ಲಿಯೂ ಅವರು ಆ ಹೆಸರನ್ನು ಹೇಳಿ ಎಳ್ಳುನೀರು ಬಿಡುವುದನ್ನು ನಾನು ಕಂಡಿದ್ದೇನೆ.

ಈ ವಿಷಯವನ್ನು ಈಗ ಬರೆಯಲು ಕಾರಣವುಂಟು. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಸಂಘರ್ಷ ನಡೆದಾಗ, ಪ್ರಾದೇಶಿಕ ಸೇನೆಯವರನ್ನು ಕರೆಸಿಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರವು ಭೂಸೇನೆಯ ಮುಖ್ಯಸ್ಥರಿಗೆ ಕೊಟ್ಟಿತು. ಆ ದಿನಗಳಲ್ಲಿ ಮಕ್ಕಳ ಹೆಸರಿನಲ್ಲಿ ಅರ್ಚನೆ ಮಾಡಿಸಲು ಬಂದ ತಾಯಂದಿರು, "ಏನೂ ಆಗುವುದಿಲ್ಲ ಅಲ್ಲವೆ?" ಎಂದು ಕೇಳಿದರು. ಏನೂ ಆಗುವುದಿಲ್ಲವೆಂದು ಹೇಳುವ ಅಧಿಕಾರ ಅರ್ಚಕನಿಗಿಲ್ಲ. ಮಗನ ರಕ್ಷಣೆಗಾಗಿ ಪ್ರಾರ್ಥಿಸುವುದು ತಾಯಿಯ ಧರ್ಮ, ಅವಶ್ಯವಾಗಿ ಪ್ರಾರ್ಥಿಸಬೇಕು. ಆದರೆ ಭಕ್ತಿಯನ್ನು ವ್ಯಾಪಾರದ ತಕ್ಕಡಿಯಲ್ಲಿಡಬಾರದು. ಬದುಕಿ ಬಂದವನ ಮನೆಯಲ್ಲಿ ಭಕ್ತಿ ಗೆದ್ದಿತೆಂದು ಹೇಳಿದರೆ, ಬಾರದವನ ಮನೆಯಲ್ಲಿ ಭಕ್ತಿ ಸೋತಿತೆಂದು ಹೇಳಿದಂತಾಗುತ್ತದೆ. ಮಗನನ್ನು ಕಳೆದುಕೊಂಡ ತಾಯಿಗೆ ಇದಕ್ಕಿಂತ ಕ್ರೂರವಾದ ಮಾತು ಬೇರೊಂದಿಲ್ಲ. ಸಿದ್ಧಾಂತಕ್ಕೂ ಅದು ಸಮ್ಮತವಲ್ಲ.

ನಮ್ಮೆಲ್ಲರಿಗೂ ಒಂದಲ್ಲ ಒಂದು ದಿನ ಕರೆ ಬರುತ್ತದೆ. ರೋಗದ ರೂಪದಲ್ಲಿ ಬರಬಹುದು, ವಿಯೋಗದ ರೂಪದಲ್ಲಿ ಬರಬಹುದು. ಅಂದು ಅರ್ಘ್ಯಕ್ಕೆ ನೀರಿಲ್ಲದಿದ್ದರೂ ಮನಸ್ಸು ಹರಿಯಲ್ಲಿ ನಿಲ್ಲಬೇಕಾದರೆ, ನೀರಿರುವ ಇಂದಿನ ದಿನಗಳಲ್ಲಿ ಅಭ್ಯಾಸ ತಪ್ಪಬಾರದು. ಸೇತುವೆಯ ಮೇಲೆ ಆ ಗುಮಾಸ್ತರಿಗೆ ಒದಗಿದ್ದು ಬಾಲ್ಯದಿಂದ ಮಾಡಿದ ನಿತ್ಯಕರ್ಮವೇ. ಈ ಗೀತಾಜಯಂತಿಯಂದು ಪಾರಾಯಣ ಮುಗಿದ ಮೇಲೆ, ಗಡಿಯಲ್ಲಿ ಕಾವಲಿರುವವರಿಗಾಗಿಯೂ, ಮರಳಿ ಬಾರದವರಿಗಾಗಿಯೂ ಒಂದು ಕ್ಷಣ ಪ್ರಾರ್ಥಿಸೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥