ಇಲ್ಲದ ಇರುವೆ, ಸಾರಿನೊಳಗಿನ ಮಾತ್ರೆ

ಮಗಳಿಗೆ ಆಗ ಏಳು ವರ್ಷ. ಮೂರು ದಿನದಿಂದ ಬಿಡದ ಜ್ವರ. ಅವತ್ತು ರಾತ್ರಿ ಥಟ್ಟನೆ ಎದ್ದು ಕೂತವಳು ಗೋಡೆ ಕಡೆ ಕೈ ತೋರಿಸಿ "ಇರುವೆ, ಇರುವೆ" ಅಂತ ಕಿರುಚತೊಡಗಿದಳು. ನಾನು ಲೈಟು ಹಾಕಿ, ಗೋಡೆ ಸವರಿ, "ಏನೂ ಇಲ್ಲ ಪುಟ್ಟಿ, ನೋಡು" ಅಂದೆ. ಅಳು ಇನ್ನೂ ಜೋರಾಯಿತು. ಅಮ್ಮ ಮಾತಾಡಲಿಲ್ಲ. ಪೊರಕೆ ತಂದು ಗೋಡೆಯನ್ನು ಮೇಲಿಂದ ಕೆಳಗೆ ಗುಡಿಸಿದಳು. ಇಲ್ಲದ ಇರುವೆಗಳನ್ನು ಮೊರಕ್ಕೆ ತುಂಬಿ ಬಾಗಿಲಾಚೆ ಸುರಿದು ಬಂದಳು. "ಹೋದ್ವು ಕಂದಾ, ಮಲಕ್ಕೋ." ಮಗಳು ಮಲಗಿಬಿಟ್ಟಳು.

ಬೆಳಿಗ್ಗೆ ಡಾಕ್ಟರು ನನ್ನನ್ನು ಬೈದರು. "ಮಗು ಹೀಗೆ ಬಡಬಡಿಸಿದ್ರೆ ಬೆಳಗಾಗೋವರೆಗೂ ಕಾಯ್ತಾರೇನ್ರೀ?" ಹಳಬರು 'ಸನ್ನಿ' ಅನ್ನುತ್ತಿದ್ದದ್ದು ಇದಕ್ಕೇ, ಡಾಕ್ಟರುಗಳು ಡೆಲಿರಿಯಂ ಅನ್ನುತ್ತಾರೆ. ಗಂಟೆಗಳಲ್ಲೇ ಶುರುವಾಗುತ್ತದೆ, ಹಗಲು ಇಳಿದು ರಾತ್ರಿ ಏರುತ್ತದೆ, ಮಗುವಿನ ಗಮನ ಒಂದು ಕಡೆ ನಿಲ್ಲುವುದಿಲ್ಲ. ಹಿಂದೆ ಜ್ವರ ಇರಬಹುದು, ಮೆದುಳಿನ ಸೋಂಕಿರಬಹುದು, ರಕ್ತದಲ್ಲಿ ಸಕ್ಕರೆ ಅಥವಾ ಉಪ್ಪಿನಂಶದ ಏರುಪೇರಿರಬಹುದು, ಯಾವುದೋ ಔಷಧಿಯೂ ಇರಬಹುದು. ಆ ಕಾರಣಕ್ಕೆ ಚಿಕಿತ್ಸೆ ಆದರೆ ಸಾಮಾನ್ಯವಾಗಿ ಸನ್ನಿಯೂ ಇಳಿಯುತ್ತದೆ. ನಮ್ಮ ಪುಣ್ಯ, ಅವಳಿಗೂ ಇಳಿಯಿತು.

ನನಗೆ ಉಳಿದದ್ದು ಬೇರೆಯದೇ ಪ್ರಶ್ನೆ. ನಿಜ ಹೇಳಿದ ನನ್ನಿಂದ ಮಗುವಿಗೆ ಏನೂ ಸಿಗಲಿಲ್ಲ. ಸುಳ್ಳಾಡಿದ ಅಮ್ಮನಿಂದ ನಿದ್ದೆ ಸಿಕ್ಕಿತು. ಹಾಗಾದರೆ ಇಂಥ ಮಕ್ಕಳ ಮುಂದೆ ಸುಳ್ಳೇ ಸರಿಯಾ? ಬಹಳ ದಿನ ಹೌದು ಅಂದುಕೊಂಡಿದ್ದೆ. ದೊಡ್ಡಮ್ಮನ ಮಗಳ ಮನೆಯಲ್ಲಿ ನಡೆದದ್ದು ನೋಡಿದ ಮೇಲೆ ಅಷ್ಟು ಸುಲಭವಾಗಿ ಹೇಳಲಾರೆ.

ಅಕ್ಕನ ಮಗನಿಗೆ ಹದಿನಾರು. ಸ್ನಾನ ಬಿಟ್ಟ, ಗೆಳೆಯರನ್ನು ಬಿಟ್ಟ, ಕಿಟಕಿ ಮುಚ್ಚಿ ಕೂತ. ಪಕ್ಕದ ಮನೆಯವರು ಗೋಡೆಯಾಚೆಯಿಂದ ತನ್ನ ಬಗ್ಗೆ ಮಾತಾಡುತ್ತಾರೆ ಅಂದ. ಇದು ಸನ್ನಿಯಲ್ಲ. ಜ್ವರ ಇಲ್ಲ, ಎಚ್ಚರ ಸರಿಯಾಗಿದೆ, ಇವತ್ತು ಯಾವ ವಾರ ಅಂದರೆ ಹೇಳುತ್ತಾನೆ. ಸೈಕೋಸಿಸ್ ಹೀಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಸದ್ದಿಲ್ಲದೆ ಕಟ್ಟಿಕೊಳ್ಳುತ್ತದೆ. ಹದಿಮೂರರೊಳಗಿನ ಮಕ್ಕಳಲ್ಲಿ ತೀರ ಅಪರೂಪ, ಹದಿಹರೆಯದಲ್ಲಿ ಹೆಚ್ಚುತ್ತದೆ. ಅದೇ ವಯಸ್ಸಿನ ಹಠ, ಸಿಡುಕು, ಸೋಮಾರಿತನದ ಮಧ್ಯೆ ಗುರುತೇ ಸಿಗುವುದಿಲ್ಲ. ಓದೋಕೆ ಕಳ್ಳಾಟ ಅಂತ ಒಂದಷ್ಟು ತಿಂಗಳು, ಗಾಳಿ ಸೋಕು ಅಂತ ತಾಯತಕ್ಕೆ ಇನ್ನೊಂದಷ್ಟು ತಿಂಗಳು ಹೋಯಿತು.

ಕೊನೆಗೆ ಮನೋವೈದ್ಯರು ಮಾತ್ರೆ ಕೊಟ್ಟರು. ಅವನು ಮುಟ್ಟಲಿಲ್ಲ. ಯಾರೋ ಹೇಳಿಕೊಟ್ಟರು ಅಂತ ಅಕ್ಕ ಅದನ್ನು ಪುಡಿ ಮಾಡಿ ಸಾರಿಗೆ ಬೆರೆಸಿದಳು. ಆ ಹುಡುಗನ ಅನುಮಾನಗಳಲ್ಲಿ ದೊಡ್ಡದು ಯಾವುದು ಗೊತ್ತಾ? ಊಟದಲ್ಲಿ ತನಗೆ ಏನೋ ಹಾಕುತ್ತಿದ್ದಾರೆ ಅನ್ನೋದು. ಒಂದು ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿಬಿಟ್ಟ. "ನಾನ್ ಹೇಳ್ಲಿಲ್ವಾ?" ಅಷ್ಟೇ ಅಂದದ್ದು. ಆಮೇಲೆ ತಿಂಗಳುಗಟ್ಟಲೆ ತಾನೇ ಸುಲಿದ ಬಾಳೆಹಣ್ಣು, ತಾನೇ ಬೇಯಿಸಿದ ಮೊಟ್ಟೆ ಬಿಟ್ಟು ಬೇರೇನೂ ತಿನ್ನಲಿಲ್ಲ.

"ಇನ್ನೇನ್ ಮಾಡ್ಬೇಕಿತ್ತು, ನೀನೇ ಹೇಳು" ಅಂತ ಅಕ್ಕ ಅತ್ತಳು. ಅವಳನ್ನು ದೂರುವ ಬಾಯಿ ನನಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ಅಪ್ರಾಪ್ತರ ಪರವಾಗಿ ತೀರ್ಮಾನ ಮಾಡುವ ಹೊಣೆಯನ್ನು ಪೋಷಕರಿಗೇ ಕೊಟ್ಟಿದೆ. ಆದರೆ ಹೊಣೆ ಇದ್ದ ಮಾತ್ರಕ್ಕೆ ಮಗನ ನಂಬಿಕೆ ಸಿಗುವುದಿಲ್ಲ. ಅವನ ತಲೆಯೊಳಗಿದ್ದ ನೂರು ಸುಳ್ಳುಗಳಲ್ಲಿ ಒಂದನ್ನು ಹೆತ್ತ ತಾಯಿಯೇ ನಿಜ ಮಾಡಿದ್ದಳು. ಇನ್ನು ಉಳಿದ ತೊಂಬತ್ತೊಂಬತ್ತು ಸುಳ್ಳು ಅಂತ ಯಾವ ಬಾಯಲ್ಲಿ ಹೇಳುವುದು?

ಅಮ್ಮನ ಪೊರಕೆಗೂ ಅಕ್ಕನ ಸಾರಿಗೂ ವ್ಯತ್ಯಾಸ ಇಲ್ಲಿದೆ ಅನಿಸುತ್ತದೆ. ಪೊರಕೆ ಆಡಿದ್ದು ಮಗುವಿನ ಕಣ್ಣೆದುರಿಗೆ, ಅವಳ ಭಯದ ಪಕ್ಕದಲ್ಲಿ ನಿಂತು. ಜ್ವರ ಬಿಟ್ಟ ಮೇಲೆ ಅಜ್ಜಿ ಮೊಮ್ಮಗಳು ಅದನ್ನೇ ನೆನೆದು ನಕ್ಕರು. ನಾಳೆ ಎದುರಿಗೆ ಕೂತು ಒಪ್ಪಿಕೊಳ್ಳಬಹುದಾದ ಸುಳ್ಳು ಅದು. ಸಾರಿನದ್ದು ಬೆನ್ನ ಹಿಂದಿನದು. ಹಾಗಂತ ಹುಡುಗನ ಮುಂದೆ ದಿನಾ ಪೊರಕೆ ಆಡಿಸುವಂತೆಯೂ ಇಲ್ಲ. "ಹೌದಪ್ಪಾ, ಪಕ್ಕದ್ಮನೆಯವ್ರು ನಿನ್ನೇ ಆಡ್ಕೋತಿದಾರೆ" ಅಂತ ಒಪ್ಪುತ್ತಾ ಹೋದರೆ ಅವನ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ.

ಅಕ್ಕ ಕದ್ದು ಮಾಡಿದ್ದನ್ನು ಮಗನ ಮುಂದೆ ಒಪ್ಪಿಕೊಂಡಳು. ವೈದ್ಯರು ಅವಳಿಗೆ ಒಂದು ಮಾತು ಕಲಿಸಿದರು: "ನಂಗೆ ಆ ದನಿ ಕೇಳಿಸ್ತಿಲ್ಲ ಕಣೋ. ಆದ್ರೆ ನಿಂಗೆ ಕೇಳಿಸ್ತಿದೆ, ಭಯ ಆಗ್ತಿದೆ ಅನ್ನೋದು ನಂಗೆ ಗೊತ್ತು." ಎರಡೂ ನಿಜವೇ. ವಾದವೂ ಇಲ್ಲ, ತಲೆಯಾಡಿಸುವುದೂ ಇಲ್ಲ. ಮಾತ್ರೆ ಯಾಕೆ ಬೇಡ ಅಂತ ಅವನನ್ನು ಯಾರಾದರೂ ಕೇಳಿದ್ದು ಆಗಲೇ. ಬೆಳಿಗ್ಗೆ ಏಳೋಕೇ ಆಗಲ್ಲ, ಕೈ ನಡುಗುತ್ತೆ ಅಂದ. ವೈದ್ಯರು ಔಷಧಿ ಬದಲಿಸಿದರು. ನಿಧಾನಕ್ಕೆ ತನ್ನ ಕೈಯಿಂದಲೇ ತಗೊಳ್ಳೋಕೆ ಶುರು ಮಾಡಿದ.

ಪೂರ್ತಿ ಗುಣ ಆಯಿತು ಅಂತ ಹೇಳಲಾರೆ. ಈಗಲೂ ಒಮ್ಮೊಮ್ಮೆ ರಾತ್ರಿ ಎದ್ದು ಬಂದು, "ಅಮ್ಮಾ, ನಿಂಗೇನಾದ್ರೂ ಕೇಳಿಸ್ತಾ?" ಅಂತಾನಂತೆ.

"ಇಲ್ಲ ಕಣೋ" ಅಂತಾಳೆ ಅಕ್ಕ. ಅವನು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು, ಹೋಗಿ ಮಲಗುತ್ತಾನೆ.